ಸಿಂಗಾಪುರದ ಸ್ವಂತ ಗಾಡಿ

ವಿಮಾನದ ವಿಷಯದಲ್ಲಿ ಹಲಸೂರಿನ ಸೋಮೇಶ್ವರ ಗುಡಿಯ ಸುತ್ತಮುತ್ತ ನನ್ನ ಮಾತೇ ಕಡೆಯ ಮಾತು. ಇದು ಜಂಬವಲ್ಲ, ಆಗ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿ. ಯುದ್ಧ ನಡೆಯುತ್ತಿದ್ದಾಗ ನಾನು ದೊಮ್ಮಲೂರಿನಾಚೆಯ ವಿಮಾನ ಮೈದಾನದಲ್ಲಿ ಸರ್ಕಾರಿ ನೌಕರಿಯಲ್ಲಿದ್ದೆ. ಎಂಥ ನೌಕರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಉಗ್ರಾಣದಲ್ಲಿ ಕಂಬಳಿ ಎಣಿಸುತ್ತಿದ್ದೆ! ವಿಮಾನಕ್ಕೂ ನನಗೂ ಇದ್ದ ಸಂಬಂಧ ಇಷ್ಟೇ: ಅದು ತಲೆಯ ಮೇಲೆ ಹಾರಿದಾಗಲೆಲ್ಲ ನನ್ನ ಎಣಿಕೆ ತಪ್ಪಿ, ಮತ್ತೆ ಒಂದರಿಂದ ಶುರುಮಾಡಬೇಕಾಗುತ್ತಿತ್ತು.

ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು, ನಾನು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಬೀದಿಯವರಿಗೆ ಮಾತ್ರ ನಾನು ‘ಏರೋಪ್ಲೇನ್ ಮುನಿಯಪ್ಪ’ನಾಗಿಯೇ ಉಳಿದೆ. ಆಕಾಶದಲ್ಲಿ ಸದ್ದಾದರೆ ಸಾಕು, ಪಕ್ಕದ ಮನೆಯ ಮೊದಲಿಯಾರರು ಗೋಡೆಯ ಆಚೆಯಿಂದ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಸ್ವಲ್ಪ ಹೇಳಿ ಎಂದು ಕೂಗುತ್ತಿದ್ದರು:

“ಮುನಿಯಪ್ಪನವ್ರೇ, ಇದು ಎಲ್ಲಿಗೆ ಹೋಗುತ್ತೆ, ಕೊಂಚಂ ಸೊಲ್ಲುಂಗೋ!”

ನಾನು ಕಣ್ಣು ಮುಚ್ಚಿ, ಸದ್ದಿಗೆ ಕಿವಿಗೊಟ್ಟು, ಸ್ವಲ್ಪ ಹೊತ್ತು ಯೋಚಿಸಿದವನಂತೆ ಇದ್ದು, “ಮದ್ರಾಸು” ಎನ್ನುತ್ತಿದ್ದೆ. ತಪ್ಪು ಎಂದು ಹೇಳಲು ವಿಮಾನವೇನೂ ಕೆಳಗಿಳಿದು ಬರುತ್ತಿರಲಿಲ್ಲ.

ಇಂಥ ನನಗೆ ಒಬ್ಬಳೇ ಮಗಳು, ಶಾರದೆ. ಮದುವೆಯ ವಯಸ್ಸು ಬಂದು ನಿಂತಿತ್ತು. ಹಿಂದಿನ ವರ್ಷ ಕಮ್ಮನಹಳ್ಳಿಯಿಂದ ಒಳ್ಳೆಯ ಸಂಬಂಧವೊಂದು ತಾನಾಗಿ ಬಂದಿತ್ತು. “ಹೊಲ ಉಳೋರಿಗೆ ನನ್ನ ಮಗಳನ್ನ ಕೊಡಲ್ಲ” ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದ್ದೆ. ನಮ್ಮಪ್ಪ ಬಿನ್ನಮಂಗಲದಲ್ಲಿ ಸಾಯುವ ತನಕ ರಾಗಿ ಹೊಲ ಉತ್ತವರು. ಆದರೆ ಷರಟಿನ ಜೇಬಿಗೆ ಪೆನ್ನು ಬಂದ ಮೇಲೆ ನೇಗಿಲು ಯಾರಿಗೆ ನೆನಪಿರುತ್ತದೆ? ಅಂದಿನಿಂದ ನಮ್ಮ ಮನೆಯ ಕಡೆ ಒಂದು ಸಂಬಂಧವೂ ತಲೆಹಾಕಲಿಲ್ಲ. ನನ್ನ ಹೆಂಡತಿ ಲಕ್ಷ್ಮಮ್ಮ ದಿನಾ ಸಂಜೆ ಗುಡಿಗೆ ಹೋಗಿ ದೀಪ ಹಚ್ಚುವಾಗ ಏನು ಬೇಡಿಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. ಹೊರಗೆ ಗಂಭೀರವಾಗಿದ್ದರೂ ಒಳಗೊಳಗೇ ನನಗೂ ಹೆದರಿಕೆ ಹುಟ್ಟಿತ್ತು.

ಆಗ ಒಂದು ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರಿ ಬಾಷಾ ಸಾಬರು ನನ್ನನ್ನು ಕರೆದರು.

“ಅರೆ ಮುನಿಯಪ್ಪ ಸಾಬ್, ಬಿಟಿಯಾಗೆ ಹುಡುಗ ನೋಡ್ತಾ ಇದ್ದೀರಲ್ಲ? ನಮ್ಮ ಹತ್ರ ಒಂದು ಪಾರ್ಟಿ ಇದೆ. ಏಕ್ದಂ ಚೊಕ್ಕ ಹುಡುಗ. ನಿಮ್ಮ ಪೈಕಿಯವ್ರೇ, ಪೂರಾ ವಿಚಾರ್ಸಿದ್ದೀನಿ. ಸಿಂಗಾಪುರದೋರು.”

ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. “ಸಿಂಗಾಪುರ?”

“ಹೌದು ಸಾಬ್. ಅಲ್ಲಿ ದೊಡ್ಡ ತೋಟ ಇದೆ.”

“ರಬ್ಬರ್ ತೋಟ!” ಎಂದೆ ನಾನು.

ಬಾಷಾ ಸಾಬರು “ದ್ರಾ...” ಎಂದೇನೋ ಬಾಯಿ ತೆರೆದರು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ “ಸಪೋಟ ಸಿಹಿ ಇದೆಯಾ?” ಎಂದು ಕೇಳಿದ. ಬಾಷಾ ಸಾಬರು “ಹೌದು, ಹೌದು, ಅಸಲೀ ಮಾಲು!” ಎಂದರು. ಅದು ಸಪೋಟಕ್ಕೆ ಕೊಟ್ಟ ಉತ್ತರ. ನಾನು ಅದನ್ನು ರಬ್ಬರಿಗೆ ಹಾಕಿಕೊಂಡು ಮುಂದಕ್ಕೆ ಹೋದೆ.

“ಅಷ್ಟು ದೂರದಿಂದ ಹುಡುಗಿ ನೋಡೋಕೆ ಬರ್ತಾರಾ?”

“ದೂರ ಏನು ಸಾಬ್? ಬೆಳಕು ಹರಿಯೋಕೆ ಮುಂಚೆ ಹೊರಟ್ರೆ ಹನ್ನೊಂದಕ್ಕೆಲ್ಲ ನಿಮ್ಮ ಮನೆ ಮುಂದೆ ಇರ್ತಾರೆ. ಸ್ವಂತ ಗಾಡಿ ಇದೆ!”

ಸ್ವಂತ ಗಾಡಿ! ಇಲ್ಲಿ ಒಂದು ವಿಷಯ ಹೇಳಬೇಕು. ಯುದ್ಧದ ಕಾಲದಲ್ಲಿ ನಮ್ಮ ಮೈದಾನದ ಮಿಸ್ತ್ರಿಗಳು ವಿಮಾನವನ್ನು ‘ಗಾಡಿ’ ಎಂದೇ ಕರೆಯುತ್ತಿದ್ದರು. ‘ಆ ಗಾಡಿ ಕೆಟ್ಟಿದೆ, ಈ ಗಾಡಿ ಹೊರಟಿದೆ’ ಎನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಬೇಡವಾದ ವಿಮಾನಗಳನ್ನು ಹಣವಂತರಿಗೆ ಮಾರುತ್ತಿದ್ದಾರೆಂದೂ ಕೇಳಿದ್ದೆ. ಸಿಂಗಾಪುರದಿಂದ ಬೆಳಿಗ್ಗೆ ಹೊರಟು ಹನ್ನೊಂದಕ್ಕೆ ಹಲಸೂರಿನಲ್ಲಿರಬೇಕಾದರೆ ಹಡಗಿನಲ್ಲಿ ಆದೀತೇ? ರೈಲಿನಲ್ಲಿ ಆದೀತೇ? ಸಾಮಾನ್ಯ ಮನುಷ್ಯನಾದರೆ ಬಾಷಾ ಸಾಬರನ್ನು ಇನ್ನೊಂದು ಮಾತು ಕೇಳುತ್ತಿದ್ದ. ನಾನು ಏರೋಪ್ಲೇನ್ ಮುನಿಯಪ್ಪ, ಕೇಳಲಿಲ್ಲ.

“ಬುಧವಾರ ಬರೋಕೆ ಹೇಳಿ” ಎಂದು ಠೀವಿಯಿಂದ ಹೇಳಿ ಮನೆಗೆ ಓಡಿದೆ.

ಲಕ್ಷ್ಮಮ್ಮ ಅಕ್ಕಿ ಆರಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕುಣಿದಾಡುತ್ತಾಳೆಂದು ಕಾದೆ. ಅವಳು ಮೊರ ಕೆಳಗಿಟ್ಟಳು.

“ಸ್ವಂತ ವಿಮಾನ ಇರೋರು ನಮ್ಮ ಹುಡುಗಿ ನೋಡೋಕೆ ಯಾಕ್ರೀ ಬರ್ತಾರೆ?”

“ನನ್ನ ಹೆಸರು ಅಲ್ಲಿ ತನಕ ಹೋಗಿರ್ಬೇಕು.”

“ನಿಮ್ಮ ಹೆಸರು ಹಲಸೂರು ಕೆರೆ ದಾಟಿಲ್ಲ. ರೀ, ನಮ್ಮತ್ತೆ ತಂಗಿ ಯಲಹಂಕದಲ್ಲಿದ್ರಲ್ಲ, ಅವ್ರು ಅಲ್ಲೆಲ್ಲೋ ಪಕ್ಕದಲ್ಲಿ ಸಿಂಗಾಪುರ ಅಂತ...”

“ನೀನು ಸುಮ್ನಿರು!” ಎಂದೆ. “ಪ್ರಪಂಚ ಅಂದ್ರೆ ಯಲಹಂಕ ಅಂದ್ಕೊಂಡಿದ್ದೀಯ!”

ಅವಳು ಸುಮ್ಮನಾದಳು. ಮದುವೆಯಾದಂದಿನಿಂದ ಅವಳು ಸುಮ್ಮನಾದಾಗಲೆಲ್ಲ ನನಗೆ ಏನಾದರೊಂದು ಕಾದಿರುತ್ತಿತ್ತು. ಇಷ್ಟು ವರ್ಷವಾದರೂ ನಾನು ಆ ಪಾಠ ಕಲಿತಿರಲಿಲ್ಲ.

ಹುಡುಗನನ್ನು ಎದುರುಗೊಳ್ಳಲು ಮೈದಾನಕ್ಕೆ ಹೋಗಬೇಕಲ್ಲ! ಅದಕ್ಕೆ ವಿಮಾನ ಇಳಿಯುವ ಹೊತ್ತು ಖಚಿತವಾಗಿ ತಿಳಿಯಬೇಕು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಬೇರೆ. ಅಷ್ಟರೊಳಗೆ ಹುಡುಗನನ್ನು ಮನೆಯೊಳಗೆ ಕೂರಿಸಿ ಮಾತು ಮುಗಿಸಬೇಕೆಂದು ಲಕ್ಷ್ಮಮ್ಮನ ಆಜ್ಞೆ. ಶಾರದೆ ಶಾಲೆಯಲ್ಲಿ ಓದಿದ್ದ ಹಳೆಯ ಭೂಪಟದ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆಸಿದೆ. ಅವಳು ಮಲ್ಲಿಗೆ ಕಟ್ಟುತ್ತಿದ್ದ ಬಾಳೆನಾರನ್ನೇ ಕಿತ್ತುಕೊಂಡು ಅಳೆಯಲು ಕುಳಿತೆ.

ಮೊದಲ ತೊಡಕು ಎದುರಾಯಿತು. ಬೆಂಗಳೂರು ಒಂದು ಹಾಳೆಯಲ್ಲಿತ್ತು, ಸಿಂಗಾಪುರ ಮುಂದಿನ ಹಾಳೆಯಲ್ಲಿತ್ತು! ನಾರನ್ನು ಈ ಹಾಳೆಯಿಂದ ಬಗ್ಗಿಸಿ ಆ ಹಾಳೆಗೆ ತಿರುಗಿಸಿದೆ.

“ಅಪ್ಪಾ, ಆ ಹಾಳೆ ಅಳತೆ ಬೇರೆ, ಈ ಹಾಳೆ ಅಳತೆ ಬೇರೆ” ಎಂದಳು ಶಾರದೆ.

“ಮೇಲೆ ಹಾರೋ ವಿಮಾನಕ್ಕೆ ಹಾಳೆ ಎಲ್ಲಿ ಮುಗೀತು ಅಂತ ಗೊತ್ತಾಗತ್ತೇನೇ?” ಎಂದೆ.

ಆಮೇಲೆ ಅವಳೇ ಇಡೀ ಏಷ್ಯಾ ಒಂದೇ ಹಾಳೆಯಲ್ಲಿದ್ದ ಪುಟ ಹುಡುಕಿ, ನೆಟ್ಟಗೆ ನಾರು ಹಿಡಿದು, ಸುಮಾರು ಎರಡು ಸಾವಿರ ಮೈಲಿ ಎಂದಳು. ನಾನು ಅದನ್ನು ನನ್ನದೇ ಉತ್ತರವೆಂದು ಸ್ವೀಕರಿಸಿದೆ. ನಾನು ಕಂಡಿದ್ದ ಸಾಮಾನು ವಿಮಾನಗಳು ಗಂಟೆಗೆ ನೂರೆಪ್ಪತ್ತು ಮೈಲಿ ಓಡುತ್ತವೆಂದು ಕೇಳಿದ್ದೆ. ಭಾಗಿಸಿದರೆ ಹನ್ನೆರಡು ಗಂಟೆಗೆ ಹತ್ತಿರ ಬಂತು. ರಂಗೂನು, ಕಲ್ಕತ್ತ, ಮದ್ರಾಸು ಎಂದು ಅಲ್ಲಲ್ಲಿ ಇಳಿದು ಪೆಟ್ರೋಲು ಹಾಕಿಸಿಕೊಳ್ಳುವ ಹೊತ್ತು ಬೇರೆ.

“ಲೆಕ್ಕ ಸರಿಹೋಗಲ್ಲ ಅಪ್ಪ” ಎಂದಳು ಶಾರದೆ. “ಬೆಳಿಗ್ಗೆ ಹೊರಟ್ರೆ ಹನ್ನೊಂದಕ್ಕೆ ಹೇಗೆ ಬರೋಕಾಗತ್ತೆ? ಮಾರನೇ ದಿನ ಆಗತ್ತೆ.”

ಬುದ್ಧಿವಂತನಾದವನು ಇಂಥ ಹೊತ್ತಿನಲ್ಲಿ ಎಲ್ಲೋ ತಪ್ಪಾಗಿದೆ ಎಂದುಕೊಳ್ಳುತ್ತಾನೆ. ನಾನು ವಿಮಾನದ ವೇಗ ಹೆಚ್ಚಿಸಿದೆ! ಹಣವಂತರ ವಿಮಾನ, ಹೊಸ ಮಾದರಿ ಇರಬೇಕು ಎಂದೆ. ಹಿಂದಿನಿಂದ ಗಾಳಿ ತಳ್ಳುತ್ತದೆ, ಅದಕ್ಕೊಂದಿಷ್ಟು ಕಳೆದೆ. ಸಿಂಗಾಪುರದಲ್ಲಿ ಸೂರ್ಯ ನಮಗಿಂತ ಎರಡು ಗಂಟೆ ಮೊದಲೇ ಹುಟ್ಟುತ್ತಾನೆ, ಆ ಎರಡು ಗಂಟೆಯೂ ನಮಗೇ ಲಾಭ. ಸ್ವಂತ ವಿಮಾನದವರು ಕಂಡಕಂಡಲ್ಲಿ ಯಾಕೆ ನಿಲ್ಲಿಸುತ್ತಾರೆ?

“ಪೆಟ್ರೋಲು?” ಎಂದಳು ಮಗಳು.

“ಡಬ್ಬದಲ್ಲಿ ತರ್ತಾರೆ!”

ಹೀಗೆ ಅಲ್ಲಿಷ್ಟು ಕತ್ತರಿಸಿ ಇಲ್ಲಿಷ್ಟು ಕೂಡಿಸಿದ ಮೇಲೆ ಸರಿಯಾಗಿ ಹನ್ನೊಂದು ಗಂಟೆ ಬಂತು. ಉತ್ತರ ಮೊದಲೇ ಗೊತ್ತಿದ್ದರೆ ಲೆಕ್ಕ ಎಷ್ಟು ಸುಲಭ!

ಸಂಜೆಯೊಳಗೆ ಸುದ್ದಿ ಬೀದಿಯ ತುಂಬ ಹಬ್ಬಿತು. ಅಂದರೆ, ಹಬ್ಬಿಸಿದೆ. ಅದುವರೆಗೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ನೆಂಟರು ತಾವಾಗಿಯೇ ಬಂದು ಕುಶಲ ಕೇಳಿದರು. ಒಬ್ಬರು ತಮ್ಮ ಮಗನಿಗೆ ರಬ್ಬರ್ ತೋಟದಲ್ಲಿ ರೈಟರ ಕೆಲಸ ಕೊಡಿಸಿ ಎಂದರು. ಇನ್ನೊಬ್ಬರು ಕೈಗಡಿಯಾರ ತರಿಸಿಕೊಡಿ ಎಂದರು. ಹುಡುಗನ ಮುಖವನ್ನು ಯಾರೂ ನೋಡಿರಲಿಲ್ಲ. ಆದರೂ ಮೂರು ದಿನದಲ್ಲಿ ಅವನ ಬಣ್ಣ ಹಾಲಿನಂತಾಯಿತು, ಎತ್ತರ ಆರಡಿಯಾಯಿತು. ನಾನು ಯಾವುದನ್ನೂ ಅಲ್ಲಗಳೆಯಲಿಲ್ಲ. ನೌಕರಿ ಕೇಳಿದವರಿಗೆ “ನೋಡೋಣ” ಎಂದೆ. ಆ ‘ನೋಡೋಣ’ ಹೇಳುವುದರಲ್ಲಿ ಎಂಥ ಸುಖವಿದೆಯೆಂದು ದೊಡ್ಡ ಸಾಹೇಬರುಗಳಿಗೆ ಮಾತ್ರ ಗೊತ್ತು!

ಮನೆಯನ್ನೂ ಸಿಂಗಾಪುರಕ್ಕೆ ತಕ್ಕಂತೆ ಮಾಡಬೇಕಿತ್ತು. ಚಾಪೆಗಳನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟೆ. ಮೊದಲಿಯಾರರ ಮನೆಯಿಂದ ಮೇಜು, ಕುರ್ಚಿ ಹೊರಿಸಿ ತಂದೆ. ಕಾಕ್ಸ್ ಟೌನಿನ ಬೇಕರಿಯಿಂದ ಮೇಲೆ ಸಕ್ಕರೆ ಹೂವಿದ್ದ ಕೇಕು ತಂದೆ. ಲಕ್ಷ್ಮಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡುತ್ತೇನೆಂದಾಗ, “ಸಿಂಗಾಪುರದವರು ಉಪ್ಪಿಟ್ಟು ತಿಂತಾರೇನೇ?” ಎಂದು ಗದರಿದೆ. ಅವಳು ಉಪ್ಪಿಟ್ಟಿಗೆ ರವೆ ಹುರಿದಿಟ್ಟಳು. ಬಾಗಿಲಿಗೆ ತೋರಣ ಕಟ್ಟಿದಳು. ಗೇಟಿನ ಎರಡು ಕಂಬಕ್ಕೂ ನಾನೇ ಬಾಳೆಕಂದು ಕಟ್ಟಿದೆ.

ಮಂಗಳವಾರ ಸಂಜೆ ಅವಳು ಹಿತ್ತಿಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡೆ.

“ಏನಾಯ್ತೇ?”

“ಎರಡು ಸಾವಿರ ಮೈಲಿ ಅಂದ್ರಲ್ಲ, ಅದೆಷ್ಟು ದೂರ ಅಂತ ನನಗೆ ಗೊತ್ತಾಗಲ್ಲ ರೀ. ನನಗೆ ಗೊತ್ತಿರೋ ದೂರ ಅಂದ್ರೆ ನನ್ನ ತೌರುಮನೆ ದೂರ. ಹಬ್ಬಕ್ಕೆ ಬರ್ತಾಳಾ ಅವ್ಳು? ಬಾಣಂತನಕ್ಕೆ ಬರ್ತಾಳಾ? ನನಗೆ ಕಾಯಿಲೆ ಆದ್ರೆ ಯಾರು ಹೋಗಿ ಕರೀತಾರೆ?”

“ಹಾರಿ ಬಂದ್ರೆ ಹನ್ನೊಂದು ಗಂಟೆಗೆ ಇಲ್ಲಿರ್ತಾಳೆ” ಎಂದೆ. ಆದರೆ ಆ ಲೆಕ್ಕದಲ್ಲಿ ಎಷ್ಟು ಗಾಳಿ ತುಂಬಿದ್ದೆನೆಂದು ನನಗೇ ಗೊತ್ತಿತ್ತಲ್ಲ. ಅಡುಗೆಮನೆಯ ಕತ್ತಲಲ್ಲಿ ಶಾರದೆಯೂ ನಮ್ಮ ಮಾತಿಗೆ ಕಿವಿಗೊಟ್ಟು ನಿಂತಿದ್ದಳು. ನನಗೂ ಎದೆ ಭಾರವಾಯಿತು. ಆದರೆ ಬೀದಿಯವರಿಗೆಲ್ಲ ಹೇಳಿಯಾಗಿತ್ತು!

ಬುಧವಾರ ಬೆಳಿಗ್ಗೆ ಹೆಂಡತಿಯನ್ನೂ ಮಗಳನ್ನೂ ಮನೆಯಲ್ಲಿ ಬಿಟ್ಟು, ಮೊದಲಿಯಾರರ ಹಳೆಯ ಕಾರಿನಲ್ಲಿ ನಾನೂ ಅವರೂ ಹೊರಟೆವು. ನನ್ನ ತೊಡೆಯ ಮೇಲೆ ತಾವರೆ ಎಲೆಯಲ್ಲಿ ಸುತ್ತಿದ ಗುಲಾಬಿ ಹಾರ. ಕಾರು ದೊಮ್ಮಲೂರಿನ ಹತ್ತಿರ ಒಮ್ಮೆ ನಿಂತಿತು. ಅಲ್ಲಿಂದ ಅರ್ಧ ಮೈಲಿ ನಾನು ಅದನ್ನು ತಳ್ಳಿದೆ. ನನ್ನ ಲೆಕ್ಕದಲ್ಲಿ ಹಿಂದಿನಿಂದ ತಳ್ಳುವ ಗಾಳಿಗೂ ಜಾಗ ಕೊಟ್ಟಿದ್ದೆ, ಹಿಂದಿನಿಂದ ತಳ್ಳುವ ಮಾವನಿಗೆ ಕೊಟ್ಟಿರಲಿಲ್ಲ.

ಮೈದಾನದ ಕಚೇರಿಯಲ್ಲಿ ಒಬ್ಬ ಬಾಬು ಕುಳಿತಿದ್ದ.

“ಸಿಂಗಾಪುರದ ಗಾಡಿ ಹನ್ನೊಂದಕ್ಕೇ ಬರುತ್ತಲ್ಲ?” ಎಂದು ಒಳಗಿನವನಂತೆ ಕೇಳಿದೆ.

“ಸಿಂಗಾಪುರದ್ದು ಯಾವ್ದೂ ಇಲ್ಲ ಸ್ವಾಮಿ. ಈಗ ಮದ್ರಾಸಿಂದು ಬರತ್ತೆ.”

ನನಗೆ ಅವನ ಮೇಲೆ ಮರುಕ ಹುಟ್ಟಿತು. ಸ್ವಂತ ವಿಮಾನದ ಸುದ್ದಿ ಬಾಬುಗಳಿಗೆ ಹೇಗೆ ಗೊತ್ತಾಗಬೇಕು? ಮದ್ರಾಸಿನ ಮೇಲೆ ಹಾದು ಬಂದದ್ದೆಲ್ಲ ಇವರಿಗೆ ಮದ್ರಾಸಿನದೇ! ಮೊದಲಿಯಾರರಿಗೆ ಇದನ್ನು ವಿವರಿಸುತ್ತಿದ್ದಂತೆಯೇ ಆಕಾಶದಲ್ಲಿ ಸದ್ದಾಯಿತು. ಹತ್ತೂವರೆ. ನನ್ನ ಲೆಕ್ಕಕ್ಕಿಂತ ಅರ್ಧ ಗಂಟೆ ಮುಂಚೆ!

“ಗಾಳಿ ಜೋರಾಗಿ ತಳ್ಳಿದೆ” ಎಂದೆ.

ವಿಮಾನದಿಂದ ಹತ್ತಾರು ಜನ ಇಳಿದರು. “ಸ್ವಂತ ಗಾಡಿ ಅಂದ್ರಿ, ಇಷ್ಟು ಜನ?” ಎಂದರು ಮೊದಲಿಯಾರರು. “ದೊಡ್ಡ ಮನೆತನ, ಪರಿವಾರ ಇರತ್ತೆ” ಎಂದೆ. ಕಡೆಯಲ್ಲಿ ಬಿಳಿ ಸೂಟು ತೊಟ್ಟ, ಚರ್ಮದ ಚೀಲ ಹಿಡಿದ ಯುವಕನೊಬ್ಬ ಅತ್ತಿತ್ತ ನೋಡುತ್ತ ಬಂದ. ಆರಡಿ ಇರಲಿಲ್ಲ, ಹಾಲಿನ ಬಣ್ಣವೂ ಇರಲಿಲ್ಲ. ಆದರೂ ಸೂಟು ಇತ್ತು. ಮುಂದೆ ನುಗ್ಗಿ ಹಾರ ಹಾಕಿಯೇಬಿಟ್ಟೆ!

ಯುವಕ ಗಾಬರಿಯಾದ. ಆಮೇಲೆ ಬಹಳ ಸಂತೋಷಪಟ್ಟ. ತಮಿಳಿನಲ್ಲಿ ನಮಸ್ಕಾರ ಹೇಳಿದ. ಸಮುದ್ರದಾಚೆ ಇದ್ದು ಕನ್ನಡ ಮರೆತಿದ್ದಾನೆ, ಪಾಪ, ಎಂದುಕೊಂಡೆ. ದಂಡಿನವನಾದ ನನಗೂ ತಮಿಳು ಚೆನ್ನಾಗಿಯೇ ಬರುತ್ತದೆ. ಕಾರಿನಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿಯೇ ಹೇಳುತ್ತೇನೆ.

“ಯಾರೂ ಕರೆಯೋಕೆ ಬರಲ್ಲ ಅಂತ ಹೇಳಿದ್ರು. ನೀವು ಹಾರ ತರ್ತೀರ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ” ಎಂದ ಯುವಕ.

“ಹಾರ ಏನು ಮಹಾ! ರಬ್ಬರ್ ಹೇಗಿದೆ?” ಎಂದೆ.

ಅವನ ಮುಖ ಅರಳಿತು. “ರಬ್ಬರಿಗೆ ಈಗ ಇರೋ ಗಿರಾಕಿ ಇನ್ಯಾವುದಕ್ಕೂ ಇಲ್ಲ! ಲಾರಿಗೆ ಬೇಕು, ಬಸ್ಸಿಗೆ ಬೇಕು, ಈಗ ಎತ್ತಿನ ಗಾಡಿಗೂ ರಬ್ಬರ್ ಚಕ್ರ ಬಂದಿದೆ.”

“ಎಲ್ಲಾ ನೀವೇ ನೋಡ್ಕೋತೀರಾ?”

“ನಾನೇ. ಇಡೀ ಮೈಸೂರು ಸೀಮೆಯನ್ನ ನನ್ನ ಕೈಗೆ ಕೊಟ್ಟಿದ್ದಾರೆ.”

ಸಿಂಗಾಪುರವಲ್ಲದೆ ಮೈಸೂರು ಸೀಮೆಯೂ! ಸಂತೋಷದಿಂದ ಮೊದಲಿಯಾರರ ಬೆನ್ನಿಗೆ ಗುದ್ದಿದೆ. ಕಾರು ಚರಂಡಿಯ ಅಂಚಿನವರೆಗೂ ಹೋಗಿ ಬಂತು.

“ನಿಮಗೆ ಎಷ್ಟಿದೆ?” ಎಂದು ಯುವಕ ವಿನಯವಾಗಿ ಕೇಳಿದ. ಅವನು ಕೇಳಿದ್ದು ಅಂಗಡಿಯ ಲೆಕ್ಕವೆಂದು ಆಮೇಲೆ ತಿಳಿಯಿತು.

“ಒಂದೇ. ತುಂಬಾ ಮುದ್ದಾಗಿ ಬೆಳೆಸಿದ್ದೀವಿ. ನೀವು ನೋಡಿ ಒಪ್ಪಿದ್ರೆ ಸಾಕು.”

“ಒಂದೇ ಆದರೇನು? ಇವತ್ತೇ ಮಾತು ಮುಗಿಸೋಣ” ಎಂದ, ಉದಾರಿ!

ಹನ್ನೆರಡಾಗಲು ಇನ್ನೂ ಸಮಯವಿತ್ತು. ಗೆದ್ದೆ ಎಂದುಕೊಂಡೆ. ಕಾರು ನಮ್ಮ ಬೀದಿಗೆ ತಿರುಗಿತು. ನಮ್ಮ ಮನೆಯ ಮುಂದೆ ಸರಿಯಾಗಿ ಗೇಟಿಗೆ ಅಡ್ಡಲಾಗಿ ಒಂದು ಎತ್ತಿನ ಗಾಡಿ ನಿಂತಿತ್ತು. ನೊಗ ಬಿಚ್ಚಿದ ಎರಡು ಎತ್ತುಗಳು ನಾನು ಕಟ್ಟಿದ್ದ ಬಾಳೆಕಂದುಗಳನ್ನು ನೆಮ್ಮದಿಯಾಗಿ ಮೇಯುತ್ತಿದ್ದವು. ಜಗಲಿಯ ಮೇಲೆ ದಪ್ಪ ರುಮಾಲು ಸುತ್ತಿದ ಮುದುಕರೊಬ್ಬರು ಎಲೆ ಅಡಿಕೆ ಹಾಕುತ್ತಿದ್ದರು.

ನನ್ನ ರಕ್ತ ಕುದಿಯಿತು. ಕಾರಿನಿಂದ ಹಾರಿದೆ.

“ಏಯ್ ಯಜಮಾನ! ಯಾರ ಮನೆ ಮುಂದೆ ಗಾಡಿ ಬಿಟ್ಟಿದ್ದೀಯ, ಗೊತ್ತೇನಯ್ಯ? ಹಳ್ಳಿ ಮುಕ್ಕ! ಸೌದೆ ಗಾಡಿ ಎಲ್ಲ ಸಂತೆ ಬೀದೀಲಿ ನಿಲ್ಸು, ನಡಿ! ಸಿಂಗಾಪುರದಿಂದ ಅಳಿಯಂದಿರು ಬಂದಿದ್ದಾರೆ!”

ಮುದುಕರು ನನ್ನನ್ನು ನೋಡಿದರು. ಹಾರ ಹಾಕಿಕೊಂಡು ಕಾರಿನಿಂದ ಇಳಿಯುತ್ತಿದ್ದ ಸೂಟಿನವನನ್ನು ನೋಡಿದರು.

“ನಾವೂ ಸಿಂಗಾಪುರದೋರೇಯ” ಎಂದರು.

“ನೀನಾ? ಯಾವ್ದ್ರಲ್ಲಯ್ಯ ಬಂದೆ?”

“ಇದ್ರಲ್ಲೇ. ಸ್ವಂತ ಗಾಡಿ.”

ನಾನು ಬೀದಿಯವರಿಗೆಲ್ಲ ಕೇಳಲೆಂದು ಗಟ್ಟಿಯಾಗಿ ನಕ್ಕೆ. “ಎತ್ತಿನ ಗಾಡೀಲಿ! ಸಮುದ್ರ ಹೆಂಗಯ್ಯ ದಾಟ್ದೆ?”

“ಸಮುದ್ರ ಯಾವ್ದು ಸ್ವಾಮಿ? ಹೆಬ್ಬಾಳದ ಕೆರೆ ಏರಿ ಮೇಲೆ ಬಂದ್ವಿ. ಯಲಹಂಕದ ಪಕ್ಕದಾಗೈತಲ್ಲ, ಸಿಂಗಾಪುರ, ಅದೇ ನಮ್ಮೂರು. ದ್ರಾಕ್ಷಿ ತೋಟದ ಪಿಳ್ಳಪ್ಪ ಅಂತಾರೆ ನನ್ನ. ಬಾಷಾ ಸಾಬ್ರು ಹೇಳಿದ್ರಲ್ಲ?”

ಬಾಗಿಲಿನಲ್ಲಿ ಲಕ್ಷ್ಮಮ್ಮ ನಿಂತಿದ್ದಳು. ನಾನು ಬಾಯಿ ತೆರೆದ ಮೊದಲ ಮಾತಿನಿಂದಲೂ ಅವಳು ಎರಡು ಕೈಗಳನ್ನೂ ಬೀಸುತ್ತ ನನಗೆ ಸುಮ್ಮನಿರುವಂತೆ ಸನ್ನೆ ಮಾಡುತ್ತಿದ್ದಳಂತೆ. ಅವಳ ಹಿಂದೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದ ಕಟ್ಟುಮಸ್ತಾದ ಹುಡುಗನೊಬ್ಬ ಕಾಣಿಸಿದ. ನಾನು ಮೂರು ದಿನ ಬೆವರು ಸುರಿಸಿ ಅಳೆದಿದ್ದ ಎರಡು ಸಾವಿರ ಮೈಲಿಯನ್ನು ಅವರ ಎತ್ತುಗಳು ಉಪ್ಪಿಟ್ಟಿನ ಹೊತ್ತಿಗೆಲ್ಲ ಮುಗಿಸಿಬಿಟ್ಟಿದ್ದವು!

ಪಿಳ್ಳಪ್ಪನವರು ಎಲೆ ಅಡಿಕೆ ಉಗಿದು ಎದ್ದರು. ಅವರ ದನಿ ಏರಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

“ಕೃಷ್ಣಪ್ಪಾ, ಎತ್ತು ಕಟ್ಟು. ಈ ಮನೆಗೆ ಅಳಿಯ ಆಗ್ಲೇ ಬಂದವ್ನೆ. ಹಾರಾನೂ ಬಿದ್ದೈತೆ. ಹಳ್ಳಿ ಮುಕ್ಕರಿಗೆ ಇಲ್ಲೇನು ಕೆಲಸ?”

ಹುಡುಗ ತಟ್ಟೆಯನ್ನು ಲಕ್ಷ್ಮಮ್ಮನ ಕೈಗೆ ಕೊಟ್ಟು ತಲೆತಗ್ಗಿಸಿ ಹೊರಗೆ ಬಂದ. ಬಂದಿದ್ದ ಒಂದೇ ಸಂಬಂಧ ನನ್ನ ಕಣ್ಣೆದುರಿಗೇ ಗಾಡಿ ಹತ್ತಿ ಹೊರಡುತ್ತಿತ್ತು. ಶಾರದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಆಗಲೇ ಸೂಟಿನ ಯುವಕ ಮೊದಲಿಯಾರರಿಂದ ವಿಷಯವೇನೆಂದು ಕೇಳಿ ತಿಳಿದುಕೊಂಡ.

“ಮದುವೆಯಾ?” ಎಂದು ಕಿರುಚಿದ. “ನನಗೆ ಆಗಿದೆ! ಮೂರು ಮಕ್ಕಳಿದ್ದಾರೆ! ನಾನು ಟೈರು ಕಂಪನಿ ಏಜೆಂಟು!” ಹಾವನ್ನು ಕೊಡವಿದಂತೆ ಹಾರವನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ತುರುಕಿದ.

ನಾನು ಹೋಗಿ ಪಿಳ್ಳಪ್ಪನವರ ಮುಂದೆ ಕೈಮುಗಿದೆ.

“ಆಡಬಾರದ ಮಾತು ಆಡಿಬಿಟ್ಟೆ. ಕ್ಷಮಿಸಬೇಕು. ನನ್ನ ಮೇಲಿನ ಸಿಟ್ಟನ್ನ ಹುಡುಗಿ ಮೇಲೆ ತೀರಿಸ್ಬೇಡಿ. ನೀವು ವಿಮಾನದಲ್ಲಿ ಬರ್ತೀರ ಅಂದ್ಕೊಂಡಿದ್ದೆ.”

“ವಿಮಾನದಾಗಾ? ನಾವಾ?”

ಹೇಳದೆ ಬೇರೆ ದಾರಿಯಿರಲಿಲ್ಲ. ಬಾಳೆನಾರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ರಂಗೂನು ಹೇಳಿದೆ, ಡಬ್ಬದ ಪೆಟ್ರೋಲು ಹೇಳಿದೆ. ಎರಡು ಗಂಟೆ ಮೊದಲೇ ಹುಟ್ಟುವ ಸೂರ್ಯನನ್ನೂ ಬಿಡಲಿಲ್ಲ. ಬೀದಿಯವರೆಲ್ಲ ಕೇಳುತ್ತಿದ್ದರು. ರೈಟರ ಕೆಲಸ ಕೇಳಿದ್ದವರು ಎಲ್ಲರಿಗಿಂತ ಮುಂದೆ ನಿಂತಿದ್ದರು.

“ಹಿಂದಿನಿಂದ ಗಾಳಿ ತಳ್ಳುತ್ತೆ ಅಂತ ಅದಕ್ಕೂ ಲೆಕ್ಕ ಹಾಕಿದ್ದೆ” ಎಂದು ಮುಗಿಸಿದೆ.

ಪಿಳ್ಳಪ್ಪನವರು ತಮ್ಮ ಎತ್ತುಗಳ ಕಡೆ ತಿರುಗಿ ನೋಡಿದರು.

“ಗಾಳಿ ಏನೂ ಇರ್ಲಿಲ್ಲ ಸ್ವಾಮಿ” ಎಂದರು. “ಎಡಗಡೆ ಎತ್ತು ವಸಿ ಸೋಮಾರಿ. ಇಲ್ದಿದ್ರೆ ಇನ್ನೂ ಬೇಗ ಬರ್ತಿದ್ವಿ.”

ಕಿಟಕಿಯ ಹಿಂದಿನಿಂದ ಶಾರದೆ ಕಿಲಕಿಲನೆ ನಕ್ಕಳು. ತಡೆದುಕೊಳ್ಳಲು ನೋಡಿ, ಆಗದೆ, ಸೆರಗು ಬಾಯಿಗೆ ಅಡ್ಡ ಹಿಡಿದು ಮತ್ತೆ ನಕ್ಕಳು. ನೊಗ ಎತ್ತುತ್ತಿದ್ದ ಕೃಷ್ಣಪ್ಪ ತಿರುಗಿ ಕಿಟಕಿಯ ಕಡೆ ನೋಡಿದ. ನೋಡಿದವನು ನೊಗವನ್ನು ಕೆಳಗಿಟ್ಟ. ಅವನಿಗೂ ನಗು ಬಂತು. ಮಗನ ಮುಖ ನೋಡಿ ಮುದುಕರ ಮೀಸೆಯೂ ಅಲುಗಿತು.

ಲಕ್ಷ್ಮಮ್ಮ ಮೆಟ್ಟಿಲು ಇಳಿದು ಬಂದಳು. ಅವಳಿಗೆ ನನ್ನ ಮರ್ಯಾದೆಯ ಯೋಚನೆಯಿರಲಿಲ್ಲ.

“ಅಣ್ಣಾ, ನಮ್ಮ ಹುಡುಗಿ ನಿಮ್ಮನೆಯಿಂದ ತೌರಿಗೆ ಬರ್ಬೇಕಂದ್ರೆ ಎಷ್ಟು ಹೊತ್ತಾಗತ್ತೆ?”

“ಹೊತ್ತುಟ್ಟೋ ಮುಂಚೆ ಗಾಡಿ ಕಟ್ಟಿದ್ರೆ ಊಟಕ್ಕೆ ಇಲ್ಲಿರ್ತಾಳೆ ಕಣಮ್ಮ. ನಾನೇ ಕರ್ಕೊಂಡು ಬತ್ತೀನಿ.”

ಲಕ್ಷ್ಮಮ್ಮ ಅಲ್ಲೇ ನಿಂತು ಅತ್ತುಬಿಟ್ಟಳು. ಇಷ್ಟು ದಿನ ಹಿತ್ತಿಲಿನಲ್ಲಿ ಅತ್ತವಳು ಈಗ ಬೀದಿಯಲ್ಲಿ, ಎಲ್ಲರ ಮುಂದೆ, ಸಂತೋಷದಿಂದ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

“ಬನ್ನಿ ಅಣ್ಣಾ ಒಳಕ್ಕೆ, ರಾಹುಕಾಲ ಬರತ್ತೆ” ಎಂದು ಅವಳೇ ಕರೆದಳು. ಅಟ್ಟದಿಂದ ಚಾಪೆ ಇಳಿಯಿತು. ಪಿಳ್ಳಪ್ಪನವರು ಹೋದರು, ಕೃಷ್ಣಪ್ಪ ಹೋದ, ಮೊದಲಿಯಾರರು ಸಾಕ್ಷಿಯಾಗಿ ಹೋದರು. ಏಜೆಂಟನೂ ಹೋದ! ಗಾಡಿಗೆ ರಬ್ಬರ್ ಚಕ್ರ ಹಾಕಿಸಿದರೆ ಎತ್ತುಗಳಿಗೆ ಎಷ್ಟು ಹಗುರ ಎಂದು ಪಿಳ್ಳಪ್ಪನವರಿಗೆ ವಿವರಿಸುತ್ತ ಕೇಕಿನ ಮುಂದೆ ಕುಳಿತ. ನಾನೂ ಮೆಟ್ಟಿಲ ಮೇಲೆ ಕಾಲಿಟ್ಟೆ.

“ನೀವೆಲ್ಲಿಗೆ?” ಎಂದಳು ಲಕ್ಷ್ಮಮ್ಮ. “ಎತ್ತು ಕಟ್ಟಿಲ್ಲ. ಹಿಡ್ಕೊಂಡು ನಿಂತಿರಿ. ಮಾತು ಮುಗಿಯೋ ತನಕ ಒಳಗೆ ಬರ್ಬೇಡಿ.”

ನಿಂತೆ. ಒಳಗಿನ ಮಾತು ಕಿಟಕಿಯಿಂದ ಕೇಳಿಸುತ್ತಿತ್ತು. ಪಿಳ್ಳಪ್ಪನವರು ಶಾರದೆಯನ್ನು ಏನೇನೋ ವಿಚಾರಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು ಕಣಮ್ಮ. ಹುಡುಗಿಗೆ ಬುದ್ಧಿ ಯಾರ ಕಡೇದು ಬಂದೈತೆ?”

“ಪೂರ್ತಿ ನನ್ನ ಕಡೇದು” ಎಂದಳು ನನ್ನ ಧರ್ಮಪತ್ನಿ, ಉಸಿರೂ ತೆಗೆದುಕೊಳ್ಳದೆ.

“ಅವ್ರಪ್ಪಂದು?”

“ಒಂದು ಕಾಳಷ್ಟೂ ಇಲ್ಲ, ಅಣ್ಣಾ.”

“ಹಂಗಾದ್ರೆ ನಮ್ಗೆ ಒಪ್ಗೆ. ತಾಂಬೂಲ ತನ್ನಿ.”

ಹೋದ ಜೀವ ಬಂದಂತಾಯಿತು. ಒಳಗೆ ನಗು, ಬಳೆಗಳ ಸದ್ದು, ಮೊದಲಿಯಾರರ “ನಲ್ಲದು, ನಲ್ಲದು!” ಎಂಬ ಆಶೀರ್ವಾದ. ಮಗಳ ಮದುವೆ ಗೊತ್ತಾದ ಆ ಶುಭ ಗಳಿಗೆಯಲ್ಲಿ ಹುಡುಗಿಯ ತಂದೆಯಾದ ನಾನು ಎರಡು ಎತ್ತುಗಳ ಹಗ್ಗ ಹಿಡಿದು ಬೀದಿಯಲ್ಲಿದ್ದೆ. ಎಡಗಡೆಯ ಎತ್ತು ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ನಾನು ಮುಖ ತಿರುಗಿಸಿಕೊಂಡೆ. ಅಲ್ಲಿ ನಿಂತಿದ್ದ ಮೂವರಲ್ಲಿ ಸಿಂಗಾಪುರದ ದಾರಿ ಗೊತ್ತಿಲ್ಲದವನು ನಾನೊಬ್ಬನೇ!